ಬಾಗಿಲು ಇಳಿದಿದ್ದರೆ ಸ್ಪ್ಯಾನರ್ ಆಮೇಲೆ ಹಿಡಿಯಿರಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿವೆ. ಹಳೇ ಸ್ಪೋರ್ಟ್ಸ್ ಕಾರು, ಬಾಗಿಲು ಇಳಿದಿದೆ, ಎತ್ತಿ ಹಾಕಬೇಕು, ಏನು ಮಾಡಲಿ? ಅದಕ್ಕೇ ಈ ಕಂತನ್ನು ಪೂರ್ತಿ ಬಾಗಿಲಿಗೇ ಬಿಟ್ಟಿದ್ದೇನೆ. ಪತ್ರ ಬರೆದ ಬಹುತೇಕರು ಆಗಲೇ ಸ್ಪ್ಯಾನರ್ ಕೈಗೆ ತಗೊಂಡು "ಯಾವ ಬೋಲ್ಟ್ ಸಡಿಲ ಮಾಡಲಿ" ಅಂತ ಕೇಳುತ್ತಿದ್ದಾರೆ. ಸ್ವಲ್ಪ ತಡೆಯಿರಿ. ಹಿಂಜ್‌ನ, ಅಂದರೆ ಬಾಗಿಲು ತಿರುಗುವ ಕೀಲಿನ, ಪಿನ್ ಸವೆದಿದೆಯಾ, ಹಿಂಜ್ ಕೂತಿರುವ ತಗಡು ಬಿಟ್ಟಿದೆಯಾ, ಅಥವಾ ಕಾರೇ ನಡುವೆ ಬಗ್ಗಿದೆಯಾ? ಮೂರಕ್ಕೂ ಬಾಗಿಲು ಇಳಿಯುತ್ತದೆ. ಮೂರಕ್ಕೂ ಔಷಧಿ ಬೇರೆ.

ಪ್ರಶ್ನೆ: ಸರ್, ನನ್ನದು 1968ರ ಶೆವರ್ಲೆ ಕ್ಯಾಮರೊ. ಡ್ರೈವರ್ ಕಡೆಯ ಬಾಗಿಲು ಹಾಕುವಾಗ ಹಿಡಿಕೆ ಹಿಡಿದು ಸ್ವಲ್ಪ ಮೇಲೆತ್ತಿಯೇ ತಳ್ಳಬೇಕು, ಇಲ್ಲದಿದ್ದರೆ ಲಾಕ್ ಕೂರುವುದೇ ಇಲ್ಲ. ಬಾಗಿಲಿನ ಹಿಂದಿನ ಕೆಳಮೂಲೆಯಲ್ಲಿ ಪೇಂಟ್ ಉಜ್ಜಿ ತಗಡು ಕಾಣುತ್ತಿದೆ. ಹಿಂಜ್ ಬೋಲ್ಟ್ ಸಡಿಲ ಮಾಡಿ, ಬಾಗಿಲನ್ನು ಜಾಕ್‌ನಿಂದ ಎತ್ತಿ, ಮತ್ತೆ ಬಿಗಿ ಮಾಡಿದರೆ ಆಯ್ತು ಅಂತ ಗೆಳೆಯರು ಹೇಳುತ್ತಾರೆ. ಮಾಡಲಾ?

ಉತ್ತರ: ಬೇಡ, ಈಗಲೇ ಬೇಡ. ಮೊದಲು ಎರಡು ನಿಮಿಷದ ಒಂದು ಪರೀಕ್ಷೆ ಮಾಡಿ. ಬಾಗಿಲನ್ನು ಅರ್ಧ ತೆರೆಯಿರಿ. ಹಿಂದಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ, ಬಿಡಿ, ಮತ್ತೆ ಎತ್ತಿ. ಇನ್ನೊಬ್ಬರನ್ನು ಹಿಂಜ್ ಹತ್ತಿರ ಕೂರಿಸಿ, ಟಾರ್ಚ್ ಬಿಟ್ಟು ನೋಡೋಕೆ ಹೇಳಿ. ಹಿಂಜ್‌ನ ಎರಡು ರೆಕ್ಕೆಗಳ ನಡುವೆ, ಅಂದರೆ ಪಿನ್ ಇರುವ ಜಾಗದಲ್ಲಿ, ಅಲುಗಾಟ ಕಂಡರೆ ಸವೆದಿರುವುದು ಪಿನ್ ಮತ್ತು ಅದರ ಸುತ್ತ ಕೂರುವ ಹಿತ್ತಾಳೆ ಕೊಳವೆ, ಅಂದರೆ ಬುಷ್. ಬೆರಳ ತುದಿಯನ್ನು ಆ ಸಂದಿಯ ಮೇಲಿಟ್ಟರೆ ಕಣ್ಣಿಗೆ ಕಾಣದ ಆಟವೂ ಬೆರಳಿಗೆ ಗೊತ್ತಾಗುತ್ತದೆ. ನಿಮ್ಮ ಕಾರಿನ ವಯಸ್ಸಿಗೆ, ನೀವು ಹೇಳಿದ ಲಕ್ಷಣಕ್ಕೆ, ನನ್ನ ಅನುಮಾನವೆಲ್ಲ ಅಲ್ಲೇ.

ಪಿನ್ ಸವೆದಿದ್ದಾಗ ಬೋಲ್ಟ್ ಸಡಿಲ ಮಾಡಿ ಬಾಗಿಲನ್ನು ಎತ್ತಿ ಕೂರಿಸಿದರೆ ಏನಾಗುತ್ತದೆ? ಆ ದಿನಕ್ಕೆ ಸರಿ ಕಾಣುತ್ತದೆ. ಆದರೆ ಆಟ ಹಾಗೇ ಉಳಿದಿರುತ್ತದೆ, ಸವೆತ ಮುಂದುವರಿಯುತ್ತದೆ, ಕೆಲವು ತಿಂಗಳಲ್ಲಿ ಬಾಗಿಲು ಮತ್ತೆ ಅಲ್ಲಿಗೇ ಬರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕಾರ್ಖಾನೆಯಲ್ಲಿ ಕೂರಿಸಿದ ಹಿಂಜ್‌ನ ಜಾಗ ಅಲ್ಲಿಯವರೆಗೆ ಕೆಟ್ಟಿರಲಿಲ್ಲ, ಅದನ್ನೂ ಕಳೆದುಕೊಂಡಿರುತ್ತೀರಿ.

ಇಷ್ಟು ಚಿಕ್ಕ ಪಿನ್ ಸವೆದರೆ ಅಷ್ಟು ದೊಡ್ಡ ಬಾಗಿಲು ಇಷ್ಟೊಂದು ಇಳಿಯುತ್ತದಾ ಅಂತ ಅನ್ನಿಸಬಹುದು. ಲೆಕ್ಕ ಸುಲಭ. ಮೇಲಿನ ಹಿಂಜ್‌ಗೂ ಕೆಳಗಿನ ಹಿಂಜ್‌ಗೂ ನಡುವೆ ಸುಮಾರು 30 ಸೆಂ.ಮೀ. ಇದೆ ಅಂತಿಟ್ಟುಕೊಳ್ಳಿ. ಬಾಗಿಲಿನ ಉದ್ದ ಒಂದು ಮೀಟರ್ ಮೇಲೇ ಇರುತ್ತದೆ, ಎರಡೇ ಬಾಗಿಲಿನ ಕಾರು ಅಲ್ವಾ, ಬಾಗಿಲು ಉದ್ದ. ಬಾಗಿಲಿನ ಭಾರ ಮೇಲಿನ ಹಿಂಜನ್ನು ಅದು ಕೂತಿರುವ ಕಾರಿನ ಕಂಬದಿಂದ ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಕಂಬದ ಕಡೆಗೆ ಒತ್ತುತ್ತದೆ. ಮೇಲೆ ಅರ್ಧ ಮಿ.ಮೀ., ಕೆಳಗೆ ಅರ್ಧ ಮಿ.ಮೀ. ಸವೆದರೆ ಒಟ್ಟು ಒಂದು ಮಿ.ಮೀ. ಓರೆ. ಅದು ಹಿಂದಿನ ತುದಿಗೆ ಹೋಗುವಷ್ಟರಲ್ಲಿ 3 ಮಿ.ಮೀ.ಗಿಂತ ಜಾಸ್ತಿ ಆಗಿರುತ್ತದೆ. ಲಾಕ್ ತಪ್ಪೋಕೆ ಅಷ್ಟು ಸಾಕು.

ಈಗ ಕೆಲಸ. ಹಿಂದಿನ ರಾತ್ರಿಯೇ ನಾಲ್ಕೂ ಕಡೆ, ಪಿನ್‌ನ ಮೇಲೂ ಕೆಳಗೂ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಬೆಳಿಗ್ಗೆ ಬಾಗಿಲಿನ ಅಂಚಿಗೂ ಮುಂದಿನ ಫೆಂಡರ್‌ನ (ಚಕ್ರದ ಮೇಲಿನ ತಗಡಿನ) ಹಿಂದಿನ ಅಂಚಿಗೂ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ. ಇದನ್ನು ಬಿಟ್ಟು ಆಮೇಲೆ ಪೇಂಟ್‌ಗೆ ಅತ್ತವರನ್ನು ಬೇಕಾದಷ್ಟು ನೋಡಿದ್ದೇನೆ. ಹಿಂಜ್‌ನ ಸುತ್ತ, ಅದು ತಗಡಿಗೆ ಕೂತಿರುವ ಅಂಚಿನ ಉದ್ದಕ್ಕೂ, ಚೂಪು ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಬಾಗಿಲಿನ ಅಡಿಗೆ ಟ್ರಾಲಿ ಜಾಕ್, ಅದರ ಮೇಲೆ ಮರದ ಹಲಗೆ, ಹಲಗೆ ಮೇಲೆ ದಪ್ಪ ಬಟ್ಟೆ. ಜಾಕ್ ಬಾಗಿಲಿನ ಭಾರ ಹೊರುವಷ್ಟು ಮಾತ್ರ ಮೇಲೇರಲಿ, ಬಾಗಿಲನ್ನು ಎತ್ತುವಷ್ಟು ಬೇಡ. ಜೊತೆಗೆ ಒಬ್ಬರು ಬಾಗಿಲು ಹಿಡಿದೇ ನಿಂತಿರಬೇಕು. ಒಬ್ಬರೇ ಮಾಡುವ ಕೆಲಸವಲ್ಲ ಇದು.

ಪಿನ್ ಯಾವ ಕಡೆಯಿಂದ ಬರುತ್ತದೆ ಅಂತ ಮೊದಲು ನೋಡಿ. ಒಂದು ತುದಿಯಲ್ಲಿ ತಲೆ ಇರುತ್ತದೆ, ಅದರ ಕೆಳಗೆ ಸಣ್ಣ ಗೀರು ಗೀರು ಹಲ್ಲುಗಳು, ಅವು ಹಿಂಜ್‌ನ ಕಬ್ಬಿಣವನ್ನು ಕಚ್ಚಿ ಹಿಡಿದಿರುತ್ತವೆ. ತಲೆ ಇಲ್ಲದ ತುದಿಯಿಂದ ಪಂಚ್ ಇಟ್ಟು ಹೊಡೆಯಬೇಕು. ಹಿಂಜ್‌ನಲ್ಲೇ ಬಾಗಿಲನ್ನು ತೆರೆದು ನಿಲ್ಲಿಸುವ ಸ್ಪ್ರಿಂಗ್ ಇರುವ ಕಾರುಗಳಲ್ಲಿ ಕಣ್ಣಿಗೆ ಕನ್ನಡಕ ಹಾಕದೆ ಕೈ ಇಡಬೇಡಿ, ಆ ಸ್ಪ್ರಿಂಗ್ ಬಿಟ್ಟರೆ ಮುಖಕ್ಕೇ ಬರುತ್ತದೆ. ಎರಡೂ ಪಿನ್ ಒಟ್ಟಿಗೆ ತೆಗೆಯದೆ ಒಂದೊಂದೇ ಹಿಂಜ್ ಮುಗಿಸಿದರೆ ಬಾಗಿಲು ಪೂರ್ತಿ ಕಳಚುವ ಗೋಜೇ ಇಲ್ಲ.

ಹಳೇ ಬುಷ್ ಹೊರಗೆ ಬಂದ ಮೇಲೆ ಬಿಸಾಡುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗೆ ಇರುವುದಿಲ್ಲ, ಮೊಟ್ಟೆ ಆಕಾರಕ್ಕೆ ತಿರುಗಿರುತ್ತದೆ. ಒಂದು ಕಡೆ ಹಿತ್ತಾಳೆ ಕಾಗದದ ಹಾಗೆ ತೆಳ್ಳಗಾಗಿ, ಕೆಲವೊಮ್ಮೆ ಪೂರ್ತಿ ಹರಿದು, ಪಿನ್ ಕಬ್ಬಿಣದ ಮೇಲೇ ತಿರುಗುತ್ತಾ ಇರುತ್ತದೆ. ಪಿನ್ ಮೇಲೂ ನಡುವೆ ಒಂದು ಸೊಂಟ ಬಂದಿರುತ್ತದೆ, ಉಗುರಿನಿಂದ ಗೀರಿದರೆ ಮೆಟ್ಟಿಲು ಸಿಗುತ್ತದೆ. ಅದು ಸಿಕ್ಕಿತು ಅಂದರೆ ನಿಮ್ಮ ಕಾಯಿಲೆಯೂ ಸಿಕ್ಕಿತು.

ಹೊಸ ಬುಷ್ ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ಹೊಡೆತಕ್ಕೆ ಬಾಯಿ ಹರಡಿಕೊಳ್ಳುತ್ತದೆ, ಆಮೇಲೆ ಪಿನ್ ಒಳಗೇ ಹೋಗುವುದಿಲ್ಲ. ಒಂದು ಉದ್ದ ಬೋಲ್ಟ್, ಎರಡು ವಾಷರ್, ಒಂದು ನಟ್ ಸಾಕು. ಬುಷ್‌ನೊಳಗೆ ಬೋಲ್ಟ್ ತೂರಿಸಿ ನಟ್ ಬಿಗಿ ಮಾಡುತ್ತಾ ಬಂದರೆ ಅದು ತಾನಾಗಿ ನೇರವಾಗಿ ಕೂರುತ್ತದೆ. ಪಿನ್‌ನ ಹಲ್ಲು ಕಚ್ಚುವ ತೂತೇ ಸವೆದು ಪಿನ್ ಅಲ್ಲಿ ಸುಮ್ನೆ ತಿರುಗುತ್ತಿದ್ದರೆ ಬುಷ್ ಬದಲಿಸಿ ಪ್ರಯೋಜನವಿಲ್ಲ. ಹಿಂಜ್ ಬದಲಿಸಿ, ಇಲ್ಲವೇ ತೂತು ದೊಡ್ಡದು ಮಾಡಿ ದಪ್ಪ ಪಿನ್ ಹಾಕಿಸಿ.

ಎರಡೂ ಹಿಂಜ್ ಮುಗಿದ ಮೇಲೆ ಜಾಕ್ ಇಳಿಸಿ, ಬಾಗಿಲು ಹಾಕಿ ನೋಡಿ. ಹಿಂದೆ ಯಾರೂ ಬೋಲ್ಟ್ ಮುಟ್ಟಿರದಿದ್ದರೆ ಸಾಮಾನ್ಯವಾಗಿ ಅದು ತನ್ನ ಹಳೇ ಜಾಗಕ್ಕೇ ಬಂದು ನಿಲ್ಲುತ್ತದೆ. ಒಂದು ಬೋಲ್ಟನ್ನೂ ಸಡಿಲ ಮಾಡುವ ಅಗತ್ಯ ಬೀಳುವುದಿಲ್ಲ.

ಪ್ರಶ್ನೆ: ನಮಸ್ಕಾರ. ಹೋದ ವರ್ಷ ಒಂದು ಗ್ಯಾರೇಜ್‌ನಲ್ಲಿ ನನ್ನ ಕಾರಿನ ಇಳಿದ ಬಾಗಿಲು ಸರಿ ಮಾಡಿಕೊಟ್ಟರು. ಆಗ ಚೆನ್ನಾಗಿ ಹಾಕಿಕೊಳ್ಳುತ್ತಿತ್ತು. ಈಗ ಹಾಕುವಾಗ "ಕಟ್" ಅಂತ ಒಂದು ಹೊಡೆತ, ತೆಗೆಯುವಾಗ ಬಾಗಿಲು ಒಂದು ಬೆರಳು ಕೆಳಗೆ ಬಿದ್ದ ಹಾಗೆ ಆಗುತ್ತದೆ. ಏನು ಮಾಡಿರಬಹುದು ಅವರು?

ಉತ್ತರ: ಬಾಗಿಲನ್ನು ಮುಟ್ಟಿಲ್ಲ, ಹಿಂದಿನ ಕಂಬದ ಮೇಲಿರುವ ಸ್ಟ್ರೈಕರ್ ಅನ್ನು, ಅಂದರೆ ಲಾಕ್ ಕಚ್ಚಿ ಹಿಡಿಯುವ ಗೂಟವನ್ನು, ಸರಿಸಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಇದೇ ಅದು.

ಈ ರಿಪೇರಿ ಎರಡು ಬಗೆಯಲ್ಲಿ ನಡೆಯುತ್ತದೆ. ಒಂದು, ಬಾಗಿಲು ಇಳಿದಷ್ಟೇ ಸ್ಟ್ರೈಕರ್ ಅನ್ನೂ ಕೆಳಗಿಳಿಸುವುದು. ಲಾಕ್ ಕೂರುತ್ತದೆ, ಆದರೆ ಬಾಗಿಲಿನ ಗೆರೆ ಕಾರಿನ ಗೆರೆಗೆ ಸೇರುವುದಿಲ್ಲ, ಕೆಳಮೂಲೆ ಉಜ್ಜುತ್ತಲೇ ಇರುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಸ್ಟ್ರೈಕರ್ ಅನ್ನು ಮೇಲೆ ಇಟ್ಟು, ಬಾಗಿಲು ಹಾಕಿಕೊಳ್ಳುವಾಗ ಅದರ ಮೇಲೆ ಹತ್ತಿ ಕೂರುವ ಹಾಗೆ ಮಾಡುವುದು. ಹೊರಗಿನಿಂದ ಗೆರೆಗಳೆಲ್ಲ ಸರಿ ಕಾಣುತ್ತವೆ, ಗಿರಾಕಿಗೆ ಖುಷಿ. ಆದರೆ ಪ್ರತಿ ಸಲ ಬಾಗಿಲು ಹಾಕಿದಾಗಲೂ ಬಾಗಿಲಿನ ಪೂರ್ತಿ ಭಾರ ಆ ಒಂದು ಲಾಕ್ ಮೇಲೆ ಬೀಳುತ್ತದೆ. ನಿಮಗೆ ಕೇಳಿಸುವ "ಕಟ್" ಅದೇ. ತೆಗೆದಾಗ ಬೀಳುವುದೂ ಅದಕ್ಕೇ, ಆಸರೆ ತಪ್ಪಿತು, ಬಾಗಿಲು ತನ್ನ ನಿಜವಾದ ಜಾಗಕ್ಕೆ ಇಳಿಯಿತು.

ನಾನು ಈ ಪಾಠ ಕಲಿತದ್ದು ನನ್ನದೇ ಕಾರಿನ ಮೇಲೆ. ಹೀಗೆ ಎತ್ತಿ ಕೂರಿಸಿಕೊಟ್ಟಿದ್ದ ಬಾಗಿಲನ್ನು ಎರಡು ವರ್ಷ ಓಡಿಸಿದೆ. ಒಂದು ದಿನ ತಿರುವಿನಲ್ಲಿ ಬಾಗಿಲು ತಾನಾಗಿ ತೆರೆದುಕೊಂಡಿತು. ಪಕ್ಕದಲ್ಲಿ ಕೂತಿದ್ದವರು ಬೆಲ್ಟ್ ಹಾಕಿದ್ದರಿಂದ ಏನೂ ಆಗಲಿಲ್ಲ. ಆಮೇಲೆ ಬಿಚ್ಚಿ ನೋಡಿದರೆ ಲಾಕ್‌ನ ನಾಲಿಗೆಯ ಕೆಳಗಿನ ಅಂಚು ಓರೆಯಾಗಿ ಸವೆದು ಹೋಗಿತ್ತು, ಸ್ಟ್ರೈಕರ್ ಮೇಲೆ ಕನ್ನಡಿಯ ಹಾಗೆ ಹೊಳೆಯುವ ಒಂದು ಪಟ್ಟಿ. ಅವತ್ತಿನಿಂದ ಯಾರ ಹಳೇ ಕಾರು ನೋಡೋಕೆ ಹೋದರೂ ಮೊದಲು ಬಗ್ಗಿ ಸ್ಟ್ರೈಕರ್ ನೋಡುತ್ತೇನೆ. ನೀವೂ ನೋಡಿ. ಮೇಲ್ಭಾಗದಲ್ಲಿ ಆ ಹೊಳೆಯುವ ಪಟ್ಟಿ ಇದ್ದರೆ ಬಾಗಿಲು ಅದರ ಮೇಲೆ ನಿಂತಿದೆ ಅಂತ ಅರ್ಥ.

ಸರಿಯಾದ ಕ್ರಮ ಹೀಗೆ. ಸ್ಟ್ರೈಕರ್ ಇರುವ ಜಾಗ ಗುರುತು ಮಾಡಿ ಪೂರ್ತಿ ಬಿಚ್ಚಿ ಪಕ್ಕಕ್ಕಿಡಿ. ಈಗ ಬಾಗಿಲು ಯಾರ ಹಂಗೂ ಇಲ್ಲದೆ ತನ್ನಷ್ಟಕ್ಕೆ ತೂಗುತ್ತದೆ, ಅದರ ನಿಜವಾದ ಸ್ಥಿತಿ ಕಾಣುತ್ತದೆ. ಮೊದಲು ಹಿಂಜ್‌ನ ಆಟ ತೆಗೆಯಿರಿ, ಮೇಲಿನ ಉತ್ತರದಲ್ಲಿ ಹೇಳಿದ ಹಾಗೆ. ಆಮೇಲೂ ಗೆರೆ ಸೇರದಿದ್ದರೆ ಆಗ, ಆಗ ಮಾತ್ರ, ಹಿಂಜ್‌ನ ಬೋಲ್ಟ್‌ಗೆ ಕೈ ಹಾಕಿ. ಹೆಚ್ಚಿನ ಕಾರುಗಳಲ್ಲಿ ಕಂಬದ ಕಡೆಯ ಬೋಲ್ಟ್‌ಗಳು ಬಾಗಿಲನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸೋಕೆ. ಬಾಗಿಲ ಕಡೆಯವು ಒಳಗೆ ಹೊರಗೆ ಸರಿಸೋಕೆ. ಕೆಲವು ಕಾರುಗಳಲ್ಲಿ ಇದು ತಿರುಗುಮುರುಗು, ಅದಕ್ಕೇ ನಿಮ್ಮ ಕಾರಿನ ಕೈಪಿಡಿ ಒಮ್ಮೆ ನೋಡಿಕೊಳ್ಳಿ.

ಹಿಂದಿನ ತುದಿ ಮೇಲೇಳಬೇಕಾದರೆ ಬಾಗಿಲನ್ನು ಇಡಿಯಾಗಿ ಎತ್ತಬೇಕಾಗಿಲ್ಲ, ತಿರುಗಿಸಿದರೆ ಸಾಕು. ಮೇಲಿನ ಹಿಂಜ್ ಮುಂದಕ್ಕೆ ಹೋದರೆ ಹಿಂದಿನ ತುದಿ ಏಳುತ್ತದೆ, ಕೆಳಗಿನ ಹಿಂಜ್ ಹಿಂದಕ್ಕೆ ಬಂದರೂ ಏಳುತ್ತದೆ. ಹಿಂಜ್ ಕಂಬದ ಹಿಂಬದಿಗೆ ಕೂರುವ ಕಾರಾದರೆ ಕೆಳಗಿನ ಹಿಂಜ್‌ನ ಹಿಂದೆ ಶಿಮ್ ಅನ್ನುವ ತೆಳ್ಳಗಿನ ಒಂದು ತಗಡಿನ ಬಿಲ್ಲೆ ಸೇರಿಸಿದರೆ ಕೆಲಸ ಆಯ್ತು. ಆಗಲೇ ಹೇಳಿದ ಲೆಕ್ಕ ಇಲ್ಲಿ ನಿಮ್ಮ ಪರ ಕೆಲಸ ಮಾಡುತ್ತದೆ. ಅರ್ಧ ಮಿ.ಮೀ. ಶಿಮ್ ಹಾಕಿದರೆ ಹಿಂದಿನ ತುದಿ ಒಂದೂವರೆ ಮಿ.ಮೀ.ಗಿಂತ ಜಾಸ್ತಿ ಏಳುತ್ತದೆ. ದುರಾಸೆ ಬೇಡ, ಒಂದೊಂದೇ ಶಿಮ್ ಹಾಕಿ ನೋಡುತ್ತಾ ಹೋಗಿ.

ಬೋಲ್ಟನ್ನು ಪೂರ್ತಿ ಸಡಿಲ ಮಾಡಬೇಡಿ. ಮರದ ಸುತ್ತಿಗೆಯಿಂದ ತಟ್ಟಿದರೆ ಮಾತ್ರ ಹಿಂಜ್ ಜಾರಬೇಕು, ಅಷ್ಟೇ ಬಿಗಿ ಉಳಿಸಿ. ಇನ್ನೊಂದು ಮುಖ್ಯ ಮಾತು. ಎಷ್ಟೋ ಕಾರುಗಳಲ್ಲಿ ಈ ಬೋಲ್ಟ್‌ಗಳು ಕಂಬದ ಒಳಗಿರುವ ಒಂದು ದಪ್ಪ ತಗಡಿನ ತುಂಡಿಗೆ ಕಚ್ಚಿರುತ್ತವೆ. ಅದು ಅಲುಗಾಡಲಿ ಅಂತಲೇ ತಗಡಿನ ಗೂಡಿನಲ್ಲಿ ಸಡಿಲವಾಗಿ ಇಟ್ಟಿರುತ್ತಾರೆ. ಗೂಡು ತುಕ್ಕು ಹಿಡಿದಿದ್ದರೆ, ನೀವು ಎಲ್ಲ ಬೋಲ್ಟ್ ಒಟ್ಟಿಗೆ ಬಿಚ್ಚಿದ ಕ್ಷಣ ಆ ತುಂಡು ಕಂಬದ ಒಳಗೆ ಠಣ್ ಅಂತ ಬೀಳುತ್ತದೆ. ಅದನ್ನು ವಾಪಸ್ ತರೋಕೆ ಕಂಬ ಕೊಯ್ಯಬೇಕಾಗಿ ಬಂದದ್ದೂ ಉಂಟು. ಒಂದಾದರೂ ಬೋಲ್ಟ್ ಯಾವಾಗಲೂ ಕಚ್ಚಿಕೊಂಡೇ ಇರಲಿ.

ಬಾಗಿಲನ್ನು ಹಿಂದಿನ ಫೆಂಡರ್‌ಗೆ ಹೊಂದಿಸಿ, ಮುಂದಿನದಕ್ಕಲ್ಲ. ಹಿಂದಿನದು ಸಾಮಾನ್ಯವಾಗಿ ವೆಲ್ಡ್ ಆಗಿರುತ್ತದೆ, ಸರಿಯುವುದಿಲ್ಲ. ಮುಂದಿನ ಫೆಂಡರ್ ಬೋಲ್ಟ್‌ನದ್ದಾದರೆ ಅದನ್ನು ಆಮೇಲೆ ಬಾಗಿಲಿಗೆ ಹೊಂದಿಸಿಕೊಳ್ಳಬಹುದು. ಗ್ಯಾಪ್ ಅಳೆಯೋಕೆ ಡ್ರಿಲ್ ಬಿಟ್‌ಗಳ ಹಿಂಬದಿ ಒಳ್ಳೇ ಅಳತೆಗೋಲು, 3, 4, 5, 6 ಮಿ.ಮೀ. ಬಿಟ್ ಹಿಡಿದು ಸಂದಿಯಲ್ಲಿ ಜಾರಿಸುತ್ತಾ ಹೋಗಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಬಿಟ್ ಒಂದೇ ಹಿತದಲ್ಲಿ ಜಾರಿದರೆ ಗೆದ್ದಿರಿ. ಹಳೇ ಕಾರಿಗೆ 4–5 ಮಿ.ಮೀ. ಗ್ಯಾಪ್ ತಪ್ಪೇನಲ್ಲ. ಸಣ್ಣದಾಗಿರುವುದಕ್ಕಿಂತ ಒಂದೇ ಸಮ ಇರುವುದು ಮುಖ್ಯ.

ಎಲ್ಲ ಮುಗಿದ ಮೇಲೆ ಕೊನೆಯದಾಗಿ ಸ್ಟ್ರೈಕರ್ ಹಾಕಿ. ಬಾಗಿಲನ್ನು ನಿಧಾನಕ್ಕೆ ತಳ್ಳುತ್ತಾ ಕೊನೆಯ ಎರಡು ಬೆರಳಷ್ಟು ದೂರವನ್ನು ಪಕ್ಕದಿಂದ ಗಮನಿಸಿ. ಬಾಗಿಲು ಆ ಹೊತ್ತಿನಲ್ಲಿ ಏಳಲೂ ಬಾರದು, ಬೀಳಲೂ ಬಾರದು. ಲಾಕ್ ನೇರವಾಗಿ ಒಳಗೆ ಹೋಗಿ ಹಿಡಿಯಬೇಕು. ಸ್ಟ್ರೈಕರ್ ಇರುವುದು ಹಿಡಿಯೋಕೆ, ಹೊರೋಕಲ್ಲ. ಲಾಕ್‌ನ ನಾಲಿಗೆ ಸವೆದಿದ್ದರೆ ಅದನ್ನೂ ಬದಲಿಸಿ, ಇದೊಂದರಲ್ಲಿ ಉಳಿತಾಯ ನೋಡಬೇಡಿ.

ಪ್ರಶ್ನೆ: ಸರ್, 1973ರ ಎಂಜಿಬಿ ರೋಡ್‌ಸ್ಟರ್ ತಗೊಂಡೆ. ಹಿಂಜ್ ಪಿನ್ ಗಟ್ಟಿಯಾಗಿದೆ, ಎತ್ತಿ ನೋಡಿದರೆ ಒಂಚೂರೂ ಆಟ ಇಲ್ಲ. ಆದರೂ ಎರಡೂ ಬಾಗಿಲಲ್ಲಿ ಹಿಂದಿನ ಗ್ಯಾಪ್ ಮೇಲೆ ಮುಚ್ಚಿಕೊಂಡಿದೆ, ಕೆಳಗೆ ಅಗಲ ಇದೆ. ಮೊನ್ನೆ ಪಕ್ಕದ ಜಾಕ್ ಪಾಯಿಂಟ್‌ನಲ್ಲಿ ಕಾರು ಎತ್ತಿದಾಗ ಮೇಲಿನ ಗ್ಯಾಪ್ ಕಣ್ಣಿಗೆ ಕಾಣುವಷ್ಟು ತೆರೆದುಕೊಂಡಿತು. ಆಗ ಬಾಗಿಲು ತೆಗೆದವನಿಗೆ ಮತ್ತೆ ಹಾಕೋಕೆ ಆಗಲಿಲ್ಲ, ಕಾರು ಇಳಿಸಿದ ಮೇಲೇ ಹಾಕಿಕೊಂಡಿತು. ಶಿಮ್ ಹಾಕಿದರೆ ಸರಿ ಹೋಗುತ್ತಾ?

ಉತ್ತರ: ಹೋಗುವುದಿಲ್ಲ. ದಯವಿಟ್ಟು ಹಿಂಜ್ ಮುಟ್ಟಬೇಡಿ. ನಿಮ್ಮ ಬಾಗಿಲು ಸರಿಯಾಗೇ ಇದೆ, ಕಾರು ಬಗ್ಗಿದೆ.

1962ಕ್ಕೆ ಮುಂಚಿನ ಎಂಜಿಎಗೆ ಬೇರೆಯೇ ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಇತ್ತು, ಮೈ ಅದರ ಮೇಲೆ ಕೂರುತ್ತಿತ್ತು. 1962ರಲ್ಲಿ ಬಂದ ಎಂಜಿಬಿಗೆ ಚಾಸಿ ಇಲ್ಲ, ತಗಡಿನ ಮೈಯೇ ಚಾಸಿ. ಮೇಲೆ ಛಾವಣಿ ಇರುವ ಕಾರಾದರೆ ಭಾರವನ್ನು ಛಾವಣಿಯೂ ಹಂಚಿಕೊಳ್ಳುತ್ತದೆ. 1965ರಲ್ಲಿ ಬಂದ ಎಂಜಿಬಿ ಜಿಟಿಗೆ ಆ ಅನುಕೂಲ ಇದೆ. ನಿಮ್ಮದು ಬಯಲು ಕಾರು. ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಡುವುದು ನೆಲ, ಗೇರ್‌ಬಾಕ್ಸ್ ಹಾದುಹೋಗುವ ನಡುವಿನ ಸುರಂಗ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಬಾಗಿಲುಗಳ ಅಡಿಯಲ್ಲಿ ಓಡುವ ಎರಡು ಸಿಲ್‌ಗಳು. ಆ ಸಿಲ್ ಒಳಗಿನಿಂದ ತುಕ್ಕು ತಿಂದರೆ ಎರಡು ತುದಿಗೆ ಆಸರೆ ಕೊಟ್ಟ ಹಲಗೆಯ ಹಾಗೆ ಕಾರು ನಡುವೆ ಕುಸಿಯುತ್ತದೆ. ಬಾಗಿಲಿನ ಮುಂದಿನ ಕಂಬವೂ ಹಿಂದಿನ ಕಂಬವೂ ಮೇಲ್ಗಡೆ ಒಂದಕ್ಕೊಂದು ವಾಲುತ್ತವೆ. ಮೇಲಿನ ಗ್ಯಾಪ್ ಮುಚ್ಚುತ್ತದೆ, ಕೆಳಗಿನದು ತೆರೆಯುತ್ತದೆ. ನೀವು ನಡುವೆ ಜಾಕ್ ಹಾಕಿ ಎತ್ತಿದಾಗ ಆಸರೆ ನಡುವಿಗೆ ಬಂತು, ಎರಡೂ ತುದಿ ಜೋತು ಬಿದ್ದವು, ಎಲ್ಲ ಉಲ್ಟಾ ಆಯ್ತು. ಬಯಲು ಕಾರುಗಳು ಒಂದಿಷ್ಟು ಬಳುಕುವುದು ಸಹಜ. ಆದರೆ ಬಾಗಿಲು ಹಾಕೋಕೇ ಆಗದಷ್ಟು ಬಳುಕಬಾರದು.

ಸಿಲ್ ಅಂದರೆ ಹೊರಗೆ ಕಾಣುವ ಆ ಒಂದು ತಗಡಲ್ಲ. ಹೊರ ಸಿಲ್, ಒಳ ಸಿಲ್, ಎರಡರ ನಡುವೆ ನಿಂತಿರುವ ಇನ್ನೊಂದು ತಗಡು, ಅಡಿಯಲ್ಲಿ ಕ್ಯಾಸಲ್ ರೈಲ್ ಅನ್ನುವ ಉದ್ದನೆಯ ತಗಡಿನ ಪಟ್ಟಿ. ಎಲ್ಲ ಸೇರಿ ಒಂದು ಗಟ್ಟಿ ಪೆಟ್ಟಿಗೆ. ಹೊರ ಸಿಲ್ ಮುಂದಿನ ಫೆಂಡರ್ ಮತ್ತು ಹಿಂದಿನ ಫೆಂಡರ್‌ಗಳ ಹಿಂದಕ್ಕೂ ಹೋಗಿರುತ್ತದೆ, ಅಂದರೆ ಕೊಳೆಯುವ ಎರಡೂ ತುದಿ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹೊರಗೆ ಪೇಂಟ್ ಥಳಥಳ ಹೊಳೆಯುತ್ತಿದ್ದರೂ ಒಳಗೆ ಪುಡಿ ತುಂಬಿರಬಹುದು. ಒಂದು ಆಯಸ್ಕಾಂತ ತಗೊಂಡು ಸಿಲ್‌ನ ಉದ್ದಕ್ಕೂ ಸವರಿ. ಅದು ಹಿಡಿಯದ ಕಡೆ ತಗಡಲ್ಲ, ಪುಟ್ಟಿ ಇದೆ. ಕಾರ್ಪೆಟ್ ಎತ್ತಿ ಒಳ ಸಿಲ್‌ಗೂ ನೆಲಕ್ಕೂ ಸೇರುವ ಮೂಲೆಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಪೊಳ್ಳು ಸದ್ದು ಮಾಡುತ್ತದೆ. ಕೊಳೆತ ಸಿಲ್ ಮೇಲೆ ಹೊಸ ತಗಡು ಹೊದಿಸಿ ಪೇಂಟ್ ಹೊಡೆದ ಕಾರುಗಳು ಬೇಕಾದಷ್ಟಿವೆ. ನಿಮ್ಮದೂ ಹಾಗಿದ್ದರೆ ಆಶ್ಚರ್ಯವಿಲ್ಲ.

ದಾರಿ ಒಂದೇ, ಸಿಲ್ ಬದಲಿಸುವುದು. ಇದು ದೊಡ್ಡ ವೆಲ್ಡಿಂಗ್ ಕೆಲಸ. ಹಿಂದೆ ಮಾಡಿದ ಅನುಭವ ಇಲ್ಲದಿದ್ದರೆ ನೀವೇ ಮಾಡಿ ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಆದರೆ ಯಾರಿಗೆ ಕೊಟ್ಟರೂ ಈ ಮಾತುಗಳನ್ನು ಮೊದಲೇ ಕೇಳಿ. ಕೊಯ್ಯುವ ಮುಂಚೆ ಬಾಗಿಲಿನ ಜಾಗಕ್ಕೆ ಅಡ್ಡಪಟ್ಟಿ ಕಟ್ಟುತ್ತೀರಾ? ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ, ಹಿಂಜ್ ಮತ್ತು ಸ್ಟ್ರೈಕರ್ ಇರುವ ಮಟ್ಟದಲ್ಲಿ, ಗಟ್ಟಿ ಕಬ್ಬಿಣದ ಪೈಪ್. ಜೊತೆಗೆ ಒಂದು ಓರೆ ಪೈಪ್ ಇದ್ದರೆ ಇನ್ನೂ ಒಳ್ಳೆಯದು. ನಡುವೆ ತಿರುಗಿಸಿ ಉದ್ದ ಗಿಡ್ಡ ಮಾಡುವ ಸ್ಕ್ರೂ ಇರುವ ಪೈಪ್ ಆದರೆ, ಕುಸಿದ ಕಾರನ್ನು ಮೊದಲು ಸರಿಯಾದ ಗ್ಯಾಪ್‌ಗೆ ತಂದು ಆಮೇಲೆ ಅಲ್ಲೇ ಬಿಗಿಯಬಹುದು. ಇದನ್ನು ಮರೆತರೆ ಬಗ್ಗಿದ ಆಕಾರದಲ್ಲೇ ಹೊಸ ಸಿಲ್ ವೆಲ್ಡ್ ಆಗುತ್ತದೆ. ಆಮೇಲೆ ಆ ಬಾಗಿಲು ಜನ್ಮದಲ್ಲಿ ಸರಿ ಹೋಗುವುದಿಲ್ಲ.

ಎರಡನೆಯದು, ಒಂದು ಸಲಕ್ಕೆ ಒಂದೇ ಪಕ್ಕ. ಮೂರನೆಯದು, ಕಾರಿನ ಭಾರ ಎಲ್ಲಿ ನಿಂತಿದೆ? ಚಕ್ರಗಳ ಮೇಲೆ ಅಥವಾ ಸಸ್ಪೆನ್ಷನ್ ಭಾರ ಹೊರುವ ಜಾಗಗಳಲ್ಲಿ ನಿಂತಿರಬೇಕು. ನಡುವೆ ಸ್ಟ್ಯಾಂಡ್ ಕೊಟ್ಟು ಎತ್ತಿ ವೆಲ್ಡ್ ಮಾಡಿದರೆ ಇಳಿಸಿದ ದಿನ ಗ್ಯಾಪ್ ಬದಲಾಗುತ್ತದೆ. ನಾಲ್ಕನೆಯದು, ಪೂರ್ತಿ ವೆಲ್ಡ್ ಮಾಡುವ ಮುಂಚೆ ಅಲ್ಲಲ್ಲಿ ವೆಲ್ಡ್‌ನ ಚುಕ್ಕೆ ಮಾತ್ರ ಹಾಕಿ, ಬಾಗಿಲು ತೂಗು ಹಾಕಿ, ಹಾಕಿ ತೆಗೆದು ನೋಡಬೇಕು. ನಾಲ್ಕು ಸಲ ನೋಡಲಿ, ಹತ್ತು ಸಲ ನೋಡಲಿ. ಈ ಪ್ರಶ್ನೆಗಳಿಗೆ "ಅದೆಲ್ಲ ಏನೂ ಬೇಡ ಸಾರ್" ಅನ್ನುವವರ ಕೈಗೆ ಕಾರು ಕೊಡಬೇಡಿ.

ಅಂದಹಾಗೆ, ಬಾಗಿಲಿನ ಮುಂಭಾಗದ ಚಿಕ್ಕ ತ್ರಿಕೋನ ಗಾಜಿನ ಕೆಳಗೆ ತಗಡು ಬಿರುಕು ಬಿಟ್ಟಿದೆಯಾ ನೋಡಿ. ಎಂಜಿಬಿ ಬಾಗಿಲುಗಳಿಗೆ ಅದು ಹಳೇ ಕಾಯಿಲೆ. ಸಿಲ್ ಕೆಲಸ ಮುಗಿದು ಬಾಗಿಲು ಸರಿ ಕೂತ ಮೇಲೆ ಅದನ್ನು ನೋಡಿಕೊಂಡರಾಯ್ತು.

ಪ್ರಶ್ನೆ: ನನ್ನ ಹಳೇ ಕೂಪೆ ಕಾರಿನ ಬಾಗಿಲು ಎತ್ತಿದರೆ ಪಿನ್ ಅಲುಗುವುದಿಲ್ಲ, ಆದರೆ ಹಿಂಜ್‌ನ ಸುತ್ತ ಬಾಗಿಲಿನ ತಗಡೇ ಉಸಿರಾಡಿದ ಹಾಗೆ ಒಳಗೆ ಹೊರಗೆ ಆಡುತ್ತದೆ. ಇದೇನು?

ಉತ್ತರ: ತಗಡು ದಣಿದು ಬಿರಿದಿದೆ. ಹಿಂಜ್ ಬೋಲ್ಟ್‌ಗಳ ಸುತ್ತ ಪೇಂಟ್‌ನಲ್ಲಿ ಕೂದಲೆಳೆಯ ಗೆರೆಗಳು ಕಾಣಿಸುತ್ತವೆ, ಕೆಲವೊಮ್ಮೆ ಅಲ್ಲಿಂದ ತುಕ್ಕಿನ ನೀರು ಇಳಿದ ಕಲೆಯೂ ಇರುತ್ತದೆ. ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ, ಬಿಗಿಯೋಕೆ ಅಲ್ಲಿ ಗಟ್ಟಿ ಜಾಗವೇ ಇಲ್ಲ. ಬಾಗಿಲು ಕಳಚಿ, ಒಳಗಿನ ಗಾಜು, ರಬ್ಬರ್, ಪ್ಯಾಡ್ ಎಲ್ಲ ಹೊರಗೆ ತೆಗೆದು, ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದು ಅದು ಮುಂದೆ ಓಡದ ಹಾಗೆ ನಿಲ್ಲಿಸಿ, ವೆಲ್ಡ್ ಮಾಡಿಸಬೇಕು. ಅದಾದ ಮೇಲೆ ಒಳಗಡೆಯಿಂದ ಹಿಂಜ್‌ಗಿಂತ ಅಗಲವಾದ ದಪ್ಪ ತಗಡಿನ ಪಟ್ಟಿ ಕೊಡಬೇಕು, ಭಾರ ಹರಡಿಕೊಳ್ಳಲಿ ಅಂತ. ಬರೀ ಬಿರುಕು ಮುಚ್ಚಿದರೆ ಅದರ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಬಾಗಿಲನ್ನು ಪೂರ್ತಿ ತೆರೆದಾಗ ತಡೆದು ನಿಲ್ಲಿಸುವ ಪಟ್ಟಿ ಸರಿ ಇದೆಯಾ ಅಂತಲೂ ನೋಡಿ. ಅದು ತುಂಡಾಗಿದ್ದರೆ ಗಾಳಿಗೆ ಬಾಗಿಲು ಅತಿಯಾಗಿ ತೆರೆದು, ಪ್ರತಿ ಸಲ ಹಿಂಜನ್ನು ಬುಡ ಸಮೇತ ಮೀಟುತ್ತದೆ. ಈ ಬಿರುಕುಗಳ ತಾಯಿ ಎಷ್ಟೋ ಸಲ ಅದೇ.

ಪ್ರಶ್ನೆ: ಟ್ರಯಂಫ್ ಟಿಆರ್6 ಚಾಸಿ ಬೇರೆ ಮಾಡಿ, ಪೇಂಟ್ ಹೊಡೆಸಿ, ಮೈ ಮತ್ತೆ ಕೂರಿಸಿದೆವು. ಮುಂಚೆ ಚೆನ್ನಾಗಿದ್ದ ಎರಡೂ ಬಾಗಿಲು ಈಗ ಇಳಿದಿವೆ. ಹಿಂಜ್ ನಾವು ಮುಟ್ಟಿಯೇ ಇಲ್ಲ.

ಉತ್ತರ: ಹಿಂಜ್ ಮುಟ್ಟದೇ ಇದ್ದದ್ದು ಒಳ್ಳೆಯದಾಯ್ತು, ಈಗಲೂ ಮುಟ್ಟಬೇಡಿ. ಟಿಆರ್6ಗೆ ಬೇರೆ ಚಾಸಿ ಇದೆ. ಮೈಗೂ ಚಾಸಿಗೂ ನಡುವೆ ಬೋಲ್ಟ್ ಬರುವ ಕಡೆಗಳಲ್ಲಿ ಪ್ಯಾಡ್‌ಗಳೂ ಶಿಮ್‌ಗಳೂ ಕೂರುತ್ತವೆ. ಬಿಚ್ಚುವಾಗ ಯಾವ ಜಾಗದಲ್ಲಿ ಎಷ್ಟು ಇದ್ದವು ಅಂತ ಬರೆದಿಟ್ಟುಕೊಂಡಿದ್ದೀರಾ? ಇದ್ದರೆ ಹಾಗೇ ಹಾಕಿ. ಇಲ್ಲದಿದ್ದರೆ ಆ ಬೋಲ್ಟ್‌ಗಳನ್ನು ಸ್ವಲ್ಪ ಸಡಿಲ ಮಾಡಿ, ಕಂಬಗಳ ಹತ್ತಿರದ ಜಾಗದಲ್ಲಿ ಒಂದು ಶಿಮ್ ಸೇರಿಸಿ ಅಥವಾ ತೆಗೆದು, ಬಿಗಿ ಮಾಡಿ, ಗ್ಯಾಪ್ ನೋಡಿ. ಎರಡು ಕಂಬಗಳ ಅಡಿಯ ಆಸರೆ ಏರಿದರೆ ಇಳಿದರೆ ಬಾಗಿಲಿನ ಚೌಕಟ್ಟಿನ ಆಕಾರವೇ ಬದಲಾಗುತ್ತದೆ. ತಾಳ್ಮೆಯ ಕೆಲಸ. ಎಂಜಿನ್, ಸೀಟು, ಎಲ್ಲ ಭಾರ ಕಾರಿನಲ್ಲಿ ಇದ್ದಾಗಲೇ ಕೊನೆಯ ಅಳತೆ ಮಾಡಿ, ಖಾಲಿ ಚಾಸಿಯ ಮೇಲೆ ಮಾಡಿದ ಗ್ಯಾಪ್ ಆಮೇಲೆ ಉಳಿಯುವುದಿಲ್ಲ. ಕಾರ್ವೆಟ್ ಇಟ್ಟುಕೊಂಡಿರುವ ಇನ್ನೊಬ್ಬರೂ ಇದನ್ನೇ ಕೇಳಿದ್ದಾರೆ. ಅವರಿಗೂ ಇದೇ ಉತ್ತರ. ಜೊತೆಗೆ ಇನ್ನೊಂದು ಮಾತು. ಮೈ ಫೈಬರ್ ಆದರೂ 1963ರಿಂದ 1982ರವರೆಗಿನ ಕಾರ್ವೆಟ್‌ನಲ್ಲಿ ಬಾಗಿಲು ತೂಗುವುದು ಒಳಗಿನ ಉಕ್ಕಿನ ಚೌಕಟ್ಟಿನ ಮೇಲೆ, ಆ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಫೈಬರ್‌ಗೆ ತುಕ್ಕು ಬರುವುದಿಲ್ಲ ಅನ್ನೋ ಧೈರ್ಯದಲ್ಲಿ ಇರಬೇಡಿ.

ಪ್ರಶ್ನೆ: ಹೊಸ ರಬ್ಬರ್ ಬೀಡಿಂಗ್ ಹಾಕಿದ ಮೇಲೆ ಬಾಗಿಲು ಹೊರಗೆ ನಿಂತಿದೆ, ಹೊಡೆದು ಹಾಕಬೇಕು. ಹಿಂಜ್ ಹೊಂದಿಸಲಾ?

ಉತ್ತರ: ಬೇಡ. ಬೀಡಿಂಗ್ ಪೂರ್ತಿ ಕಿತ್ತು ಬಾಗಿಲು ಹಾಕಿ ನೋಡಿ. ಸರಿ ಕೂತರೆ ತಪ್ಪು ರಬ್ಬರ್‌ನದ್ದು. ಹೊಸದಾಗಿ ಬರುವ ಕೆಲವು ಬೀಡಿಂಗ್ ಮೂಲಕ್ಕಿಂತ ದಪ್ಪ ಇರುತ್ತವೆ, ಗಟ್ಟಿಯೂ ಇರುತ್ತವೆ. ಕೆಲವು ದಿನ ಬಾಗಿಲು ಹಾಕಿಟ್ಟರೆ ಮೆತ್ತಗಿನ ರಬ್ಬರ್ ಆದರೆ ಕೂತುಕೊಳ್ಳುತ್ತದೆ. ಕೂರದಿದ್ದರೆ ಬೇರೆ ಬೀಡಿಂಗ್ ತನ್ನಿ. ರಬ್ಬರ್‌ಗಾಗಿ ತಗಡನ್ನು ಬಗ್ಗಿಸಬೇಡಿ.

ಪ್ರಶ್ನೆ: ಪಿನ್ ಬುಷ್ ಎಲ್ಲ ಹೊಸದು ಹಾಕಿಸಿದೆ. ಮತ್ತೆ ಇಳಿಯದ ಹಾಗೆ ಏನು ಮಾಡಬೇಕು?

ಉತ್ತರ: ಆಗಾಗ ಎರಡು ತೊಟ್ಟು ಎಣ್ಣೆ, ಪಿನ್‌ನ ಮೇಲ್ತುದಿಗೆ, ಅಷ್ಟೇ. ಬಾಗಿಲನ್ನು ನಾಲ್ಕಾರು ಸಲ ಆಡಿಸಿ, ಹೊರಗೆ ಬಂದ ಕಪ್ಪು ನೀರನ್ನು ಬಟ್ಟೆಯಿಂದ ಒರೆಸಿ. ಗ್ರೀಸ್ ಮೆತ್ತಬೇಡಿ, ಧೂಳು ಅಂಟಿಕೊಂಡು ಅರದ ಹಾಗೆ ಉಜ್ಜುತ್ತದೆ. ಇನ್ನೊಂದು, ಈ ಕಾರುಗಳ ಸೀಟು ನೆಲಕ್ಕೆ ಹತ್ತಿರ. ಇಳಿಯುವಾಗ ಎಲ್ಲರ ಕೈಯೂ ತಾನಾಗಿ ತೆರೆದ ಬಾಗಿಲಿನ ಮೇಲಂಚಿಗೆ ಹೋಗುತ್ತದೆ, ಅದರ ಮೇಲೆ ಭಾರ ಹಾಕಿ ಏಳುತ್ತಾರೆ. ಅಷ್ಟು ಉದ್ದದ ಬಾಗಿಲಿನ ತುದಿಯಲ್ಲಿ ಒಬ್ಬ ಮನುಷ್ಯನ ಅರ್ಧ ಭಾರ ಬಿದ್ದರೆ ಆ ಎರಡು ಪಿನ್‌ಗಳ ಗತಿ ಏನು ಅಂತ ಯೋಚಿಸಿ. ಒಂದು ಕೈ ವಿಂಡ್‌ಸ್ಕ್ರೀನ್ ಪಕ್ಕದ ಕಂಬದ ಬುಡಕ್ಕೆ, ಇನ್ನೊಂದು ಕೈ ಸೀಟಿಗೆ ಕೊಟ್ಟು ಏಳಿ. ಪಕ್ಕದಲ್ಲಿ ಕೂರುವವರಿಗೂ ಹತ್ತುವ ಮುಂಚೆಯೇ ಹೇಳಿಬಿಡಿ.